ಶಿವನ ಹೆಸರಲ್ಲಿ ಹೊಗೆ

ಸಂಪಾದಕರಿಗೆ ನಮಸ್ಕಾರ.

ಶಿವರಾತ್ರಿ ಬಂತೆಂದರೆ ಸಾಕು, ಮೊಬೈಲ್ ತುಂಬ ಗಾಂಜಾ ಚಿಲುಮೆ ಹಿಡಿದ ಶಿವನೇ. ಅರ್ಧ ಮುಚ್ಚಿದ ಕಣ್ಣು, ಮೂಗಿನಿಂದ ಹೊಗೆ, ಹಿಂದೆ ಹಿಮಾಲಯ, ಮೇಲೊಂದು ಡಿಜೆ ಹಾಡು. ಈ ಸಲ ಅದನ್ನು ಸ್ಟೇಟಸ್ ಹಾಕಿದವನು ನನ್ನ ತಮ್ಮನ ಮಗ. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಏನೋ ಇದು ಅಂತ ಕೇಳಿದೆ. "ದೇವ್ರೇ ಸೇದ್ತಾನ ಅಂದಮ್ಯಾಲ ನಮ್ದೇನು ಕಾಕಾ? ನಮ್ಮ ಕಡಿ ಜಾತ್ರ್ಯಾಗ ಪ್ರಸಾದ ಅಂತ ಕೊಡ್ತಾರಂತ, ಪೇಪರ್‌ನ್ಯಾಗೇ ಬಂದೈತಿ" ಅಂದ. ಪೇಪರಿನ ಮಾತು ಬಂತಲ್ಲ, ಅದಕ್ಕೇ ನಿಮಗೆ ಈ ಪತ್ರ.

ಹುಡುಗ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. 2020ರಲ್ಲಿ ಬೆಂಗಳೂರಿನಲ್ಲಿ ಸಿನಿಮಾ ಮಂದಿಯ ಡ್ರಗ್ಸ್ ಕೇಸು ಜೋರಾಗಿದ್ದಾಗ, ನಮ್ಮ ಸುರಪುರ ತಾಲ್ಲೂಕಿನ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದು ಭಾವಿಸುವವರಿದ್ದಾರೆ ಅಂತ ಇಂಗ್ಲಿಷ್ ಪತ್ರಿಕೆಗಳಲ್ಲೂ ಬಂತು. ಉತ್ತರ ಕರ್ನಾಟಕದ ಅವಧೂತರು, ಆರೂಢರು, ಕೆಲವು ಶರಣ ಪರಂಪರೆಯವರ ನಡುವೆ ಈ ರೂಢಿ ಹಳೆಯದು ಅಂತಲೂ ಬರೆದರು. ಬರೆಯಲಿ, ಇದ್ದದ್ದನ್ನೇ ಬರೆದಿದ್ದಾರೆ. ಆದರೆ ಅರ್ಧ ಬರೆದರು.

ಉಳಿದರ್ಧ ನಾನು ಕಂಡದ್ದು. ನಮ್ಮಜ್ಜ ಭಜನಿ ಮಂದಿ. ಅಮಾವಾಸ್ಯೆಗೆ ಪಕ್ಕದೂರಿನ ಗದ್ದಿಗೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಏಕತಾರಿ, ದಮ್ಮಡಿ, ತಾಳ, ಒಂದು ಕಂದೀಲು. ಚಿಲುಮೆ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದು ಮೊದಲು ಗದ್ದಿಗೆಯ ಮುಂದೆ ಹೋಗಬೇಕು, ಆಮೇಲೆ ಗುರುವಿನ ಕೈಗೆ, ಆಮೇಲೆ ಸುತ್ತ ಕೂತವರಿಗೆ ಒಂದೊಂದು ದಮ್ಮು. ಉಪದೇಶ ಆಗದವನಿಗೆ ಇಲ್ಲ. ಹುಡುಗರಿಗಂತೂ ಇಲ್ಲವೇ ಇಲ್ಲ. ನಾನು ಒಂದ್ಸಲ ಮೂಗು ಚಾಚಿದ್ದಕ್ಕೆ ಅಜ್ಜ ತಾಳದ ಹಗ್ಗದಿಂದಲೇ ಬಾರಿಸಿದ್ದರು. ಸೇದಿದ ಮೇಲೆ ಬೆಳಗಿನ ತನಕ ಪದ ಹಾಡಬೇಕು, ತೂಕಡಿಸಿದವನಿಗೆ ಎಲ್ಲರ ಮುಂದೆ ಬೈಗುಳ. ತತ್ವಪದಗಳಲ್ಲಿ ಚಿಲುಮೆ, ಗುಡಿಗುಡಿ ಬರುತ್ತವಲ್ಲ, ಅಲ್ಲಿ ದೇಹವೇ ಚಿಲುಮೆ, ಸುಡಬೇಕಾದ್ದು ಒಳಗಿನ ಕಸ. ಅಷ್ಟು ಅರ್ಥ ಮಾಡಿಕೊಂಡ ಕೆಲವರು ಕಡೆಗೆ ಚಿಲುಮೆಯನ್ನೇ ಬಿಟ್ಟಿದ್ದರು. ನಮ್ಮಜ್ಜ ಬಿಡಲಿಲ್ಲ, ಅದು ಬೇರೆ ಮಾತು.

ಈಗ ಬರುವವರಿಗೆ ಹೊಗೆ ಬೇಕು, ಪದ ಬೇಡ.

ಇನ್ನು ಶಿವನೇ ಸೇದುತ್ತಾನೆ ಅನ್ನುವ ವಾದ. ಉಜ್ಜಯಿನಿಯ ಮಹಾಕಾಲನಿಗೆ ಭಂಗಿಯ, ಅಂದರೆ ಗಾಂಜಾ ಗಿಡದ ಎಲೆ ಅರೆದ ಭಾಂಗಿನ, ಅಲಂಕಾರ ಮಾಡುತ್ತಾರೆ, ನೇಪಾಳದ ಪಶುಪತಿನಾಥದಲ್ಲಿ ಶಿವರಾತ್ರಿ ದಿನ ಸಾಧುಗಳು ಸೇದುತ್ತಾರೆ, ಎಲ್ಲ ನಿಜ. ಅಥರ್ವವೇದದಲ್ಲೂ ಸೋಮದ ಜೊತೆ ದರ್ಭೆ, ಜವೆ, ಭಂಗದ ಹೆಸರು ಬರುತ್ತದೆ, ನಮ್ಮನ್ನು ಕಷ್ಟದಿಂದ ಬಿಡಿಸಿ ಅಂತ ಬೇಡಿಕೊಳ್ಳುವ ಜಾಗದಲ್ಲಿ. ಸೇದಿ ಅಂತ ಅಲ್ಲಿ ಇಲ್ಲ. ನಮ್ಮ ಹಳ್ಳಿಗಳ ಶಿವನ ಗುಡಿಗೆ ಹೋದರೆ ಬಿಲ್ವಪತ್ರೆ, ವಿಭೂತಿ ಅಷ್ಟೇ. ಮತ್ತೆ ದೇವರು ಮಾಡಿದ್ದನ್ನು ನಾವೂ ಮಾಡುತ್ತೇವೆ ಅನ್ನುವವರಿಗೆ ಭಾಗವತದಲ್ಲೇ ಶುಕಮುನಿ ಉತ್ತರ ಕೊಟ್ಟಿದ್ದಾನೆ. ರುದ್ರ ಸಮುದ್ರದ ವಿಷ ಕುಡಿದನೆಂದು ರುದ್ರನಲ್ಲದವನು ಕುಡಿದರೆ ಸಾಯುತ್ತಾನೆ, ಅಂಥದ್ದನ್ನು ಮನಸ್ಸಿನಲ್ಲೂ ಅನುಕರಿಸಬಾರದು ಅಂತ. ನಂಜನಗೂಡಿನ ದೇವರ ಹೆಸರೇ ನಂಜುಂಡ. ತಮ್ಮನ ಮಗನಿಗೆ ಇದನ್ನು ಹೇಳಿದರೆ ನಕ್ಕು ಫೋನ್ ತಿರುಗಿಸಿಕೊಂಡ.

ಹಾಗಂತ ಸೇದುವ ಮುದುಕರನ್ನೆಲ್ಲ ಜೈಲಿಗೆ ಹಾಕಿ ಅನ್ನುವವನಲ್ಲ ನಾನು. ಬ್ರಿಟಿಷರು 1893ರಲ್ಲಿ ಇದಕ್ಕೆಂದೇ ಒಂದು ಆಯೋಗ ಮಾಡಿ, ಸಾವಿರಕ್ಕೂ ಜಾಸ್ತಿ ಜನರ ಸಾಕ್ಷಿ ಕೇಳಿ, ಮಿತವಾಗಿ ಬಳಸಿದರೆ ಅಂಥ ಹಾನಿಯಿಲ್ಲ, ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಹಿಡಿತದಲ್ಲಿಡಿ ಅಂತ ವರದಿ ಪಡೆದರು. ಸಾಧು, ಫಕೀರರ ನಂಬಿಕೆಯನ್ನೂ ಅದರಲ್ಲಿ ಲೆಕ್ಕಕ್ಕೆ ಹಿಡಿದಿದ್ದರು. ಆಮೇಲೆ ಮಾದಕ ವಸ್ತುಗಳ ಬಗ್ಗೆ 1961ರ ಅಂತರರಾಷ್ಟ್ರೀಯ ಒಪ್ಪಂದ, ಅದರ ಬಾಲ ಹಿಡಿದು ನಮ್ಮ ದೇಶದ ಮಾದಕ ವಸ್ತು ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆ. ಈ ಕಾಯ್ದೆ ಹೂವಿನ ತೆನೆಯನ್ನು ಗಾಂಜಾ ಅನ್ನುತ್ತದೆ, ಅಂಟನ್ನು ಚರಸ್ ಅನ್ನುತ್ತದೆ. ತೆನೆ ಜೊತೆಗಿಲ್ಲದ ಬರೀ ಎಲೆ, ಬೀಜ ಗಾಂಜಾ ಅಲ್ಲ. ಅದಕ್ಕೇ ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಲೈಸೆನ್ಸ್ ಇರುವ ಭಾಂಗ್ ಅಂಗಡಿಗಳಿವೆ. 2022ರಲ್ಲಿ ನಮ್ಮ ಹೈಕೋರ್ಟೇ 29 ಕೆಜಿ ಭಾಂಗ್ ಸಿಕ್ಕ ಪ್ರಕರಣವೊಂದರಲ್ಲಿ, ಕಾಯ್ದೆಯಲ್ಲಿ ಭಾಂಗ್ ಎಲ್ಲೂ ಹೇಳಿಲ್ಲ ಅಂತ ಜಾಮೀನು ಕೊಟ್ಟಿತು. ನಿಮ್ಮ ವರದಿಗಳಲ್ಲಿ ಮಾತ್ರ ಭಂಗಿ, ಗಾಂಜಾ, ಡ್ರಗ್ಸ್ ಎಲ್ಲವೂ ಒಂದೇ ಚೀಲದಲ್ಲಿ.

ಗಾಂಜಾ ಸಂಗತಿ ಹಾಗಲ್ಲ. ಒಂದು ಕೆಜಿ ತನಕ ಸಣ್ಣ ಪ್ರಮಾಣ, ಅದಕ್ಕೂ ಒಂದು ವರ್ಷದವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ ಆಗಬಹುದು. ಹೊಲದಲ್ಲಿ ಬೆಳೆದರೆ ಹತ್ತು ವರ್ಷದವರೆಗೆ. ನಮ್ಮ ಕಡೆ ಹತ್ತಿ, ತೊಗರಿ ನಡುವೆ ನಾಲ್ಕು ಗಿಡ ಹಾಕಿ ಸಿಕ್ಕಿಬೀಳುವವರು ಬಹಳಷ್ಟು ಸಲ ಸಣ್ಣ ರೈತರೇ. ದೇವರ ಹೆಸರು ಹೇಳಿದರೆ ಬಿಡುವ ಕಲಮು ಈ ಕಾಯ್ದೆಯಲ್ಲಿ ಇಲ್ಲ. ಜಮೈಕಾದಲ್ಲಿ ಇದೆ. ಅಲ್ಲಿ ರಾಸ್ತಾಫಾರಿ ಅನ್ನುವ ಪಂಥದವರಿಗೆ ಗಾಂಜಾ ಪೂಜೆಯ ಭಾಗ, ವರ್ಷಗಟ್ಟಲೆ ಪೊಲೀಸರ ಏಟು ತಿಂದ ಮೇಲೆ 2015ರಲ್ಲಿ ಅವರ ಪೂಜೆಗೆ ಕಾನೂನೇ ಜಾಗ ಮಾಡಿಕೊಟ್ಟಿತು. ನಮ್ಮಲ್ಲೂ ಹಾಗೆ ಆಗಬೇಕಾ? ಆಗಬೇಕು ಅನ್ನುವವರು ಮೊದಲು ಗದ್ದಿಗೆಗಳ ಹಿರಿಯರನ್ನು ಕೂರಿಸಿಕೊಂಡು ಕೇಳಲಿ. ನನಗೆ ಕಂಡಂತೆ ಅವರಲ್ಲಿ ಬಹಳ ಜನಕ್ಕೆ ಇದು ಸುದ್ದಿಯಾಗುವುದೇ ಬೇಡ. ಸುದ್ದಿಯಾದಷ್ಟೂ ಜನ ಬರುತ್ತಾರೆ, ಜನ ಬಂದಷ್ಟೂ ಮಾರುವವನು ಬರುತ್ತಾನೆ, ಅವನ ಹಿಂದೆ ಪೊಲೀಸರು, ಕಡೆಗೆ ಸಿಗುವುದು ಜಗಲಿ ಮೇಲೆ ಕೂತ ಮುದುಕ.

ಹೋದ ಜಾತ್ರೆಯಲ್ಲಿ ನಾನೇ ನೋಡಿದೆ. ಬೈಕಿನಲ್ಲಿ ಬಂದ ಮೂವರು ಹುಡುಗರು, ಚಪ್ಪಲಿ ಸಹ ಬಿಡದೆ, ಅಲ್ಲಿದ್ದ ಮುದುಕರೊಬ್ಬರನ್ನು "ಅಜ್ಜಾ, ಪ್ರಸಾದ ಎಲ್ಲಿ ಕೊಡ್ತಾರ?" ಅಂತ ಕಣ್ಣು ಮಿಟುಕಿಸಿ ಕೇಳಿದರು. ಅಜ್ಜ ಗೋದಿ ಹುಗ್ಗಿ ಬಡಿಸುವ ಸಾಲು ತೋರಿಸಿದರು. ಹುಡುಗರು ಹಾಗೇ ಹೊರಟುಹೋದರು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಗಾಂಜಾ ಪ್ರಸಾದ ಅಂತ ದಪ್ಪ ಅಕ್ಷರದಲ್ಲಿ ಹಾಕುವ ಮೊದಲು ನಿಮ್ಮ ವರದಿಗಾರರನ್ನು ಒಂದು ಅಮಾವಾಸ್ಯೆ ನಮ್ಮ ಕಡೆ ಕಳಿಸಿ. ಫೋಟೋ ತೆಗೆದುಕೊಂಡು ಹತ್ತು ಗಂಟೆಗೇ ಬಸ್ ಹತ್ತುವುದು ಬೇಡ, ಬೆಳಗಿನ ಮಂಗಳಾರತಿ ತನಕ ಕೂತಿರಲಿ. ಊಟ, ಚಾದರ ನಮ್ಮ ಮನೆಯದು.

ಇತಿ,
ಸುರಪುರ ತಾಲ್ಲೂಕಿನ ಒಬ್ಬ ಓದುಗ