ಹತ್ತನೇ ತರಗತಿ ಮಕ್ಕಳ ಪಾಲಕರಿಗೆ

ವಿಜಯಪುರ

ಪ್ರೀತಿಯ ಪಾಲಕರೆ,

ನಮಸ್ಕಾರ. ಸಿದ್ಧೇಶ್ವರ ಜಾತ್ರೆ ಮುಗಿಯಿತು. ಇನ್ನು ಮನೆ ಮನೆಯಲ್ಲೂ ಎಸ್ಸೆಸ್ಸೆಲ್ಸಿ ಪರೀಕ್ಷೆಯದೇ ಮಾತು. ಮೊನ್ನೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಡೆದದ್ದನ್ನು ನಿಮಗೆ ಹೇಳಬೇಕು ಅನಿಸಿತು.

ಗಣಿತದ ದಿನ ಒಬ್ಬ ಹುಡುಗಿ ಅರ್ಧ ಗಂಟೆ ಸುಮ್ನೆ ಪೆನ್ನು ಹಿಡಿದು ಕುಳಿತಿದ್ದಳು. ಹಾಳೆ ಖಾಲಿ. ಕೈ ಮುಟ್ಟಿದೆ, ತಣ್ಣಗಿತ್ತು, ಅಂಗೈ ತುಂಬ ಬೆವರು. "ಏನೂ ನೆನಪಾಗವಲ್ದ್ರಿ ಟೀಚರ್" ಎಂದಳು. ಹೊರಗೆ ಕರೆದುಕೊಂಡು ಹೋಗಿ ಬೇವಿನ ಗಿಡದ ನೆರಳಲ್ಲಿ ಕೂರಿಸಿದೆ, ನೀರು ಕೊಟ್ಟೆ. ಮಧ್ಯಾಹ್ನ ಅವೇ ಲೆಕ್ಕಗಳನ್ನು ನನ್ನ ಎದುರು ಒಂದೊಂದಾಗಿ ಬಿಡಿಸಿದಳು. ಅವಳು ಓದಿದ್ದಳು. ಬೇಕಾದ ಹೊತ್ತಿಗೆ ಓದಿದ್ದು ನೆನಪಿಗೆ ಬರಲಿಲ್ಲ, ಅಷ್ಟೆ. ಅವಳನ್ನೂ ಅವಳ ತಾಯಿಯನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಜೀವಶಾಸ್ತ್ರ ಕಲಿಸುವವಳು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊಲಕ್ಕೆ ನೀರು ಬಿಡುವಾಗ ಕಾಲ ಬಳಿ ಹಾವು ಕಂಡರೆ ಏನಾಗುತ್ತದೆ? ಎದೆ ಡವಡವ, ಬಾಯಿ ಒಣಗುತ್ತದೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯ ಹಾಗೆ ಕೂತಿರುವ ಎರಡು ಸಣ್ಣ ಗ್ರಂಥಿಗಳು ಅಡ್ರಿನಲಿನ್ ಅನ್ನುವ ಹಾರ್ಮೋನ್, ಅಂದರೆ ರಕ್ತದಲ್ಲಿ ಬೆರೆತು ದೇಹಕ್ಕೆ ಸಂದೇಶ ಒಯ್ಯುವ ರಾಸಾಯನಿಕ, ಬಿಡುತ್ತವೆ. ಕ್ಷಣ ಮಾತ್ರದಲ್ಲಿ ರಕ್ತ ಹೊಟ್ಟೆ ಮತ್ತು ಚರ್ಮ ಬಿಟ್ಟು ಕೈಕಾಲಿನ ಸ್ನಾಯುಗಳ ಕಡೆ ಹರಿಯುತ್ತದೆ. ಹೊಡೆದಾಡಲು ಅಥವಾ ಓಡಿಹೋಗಲು ದೇಹ ಮಾಡಿಕೊಳ್ಳುವ ತಯಾರಿ ಇದು ಎಂದು ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು. ಪ್ರಶ್ನೆಪತ್ರಿಕೆ ಕಂಡು ಹೆದರಿದ ಮಗುವಿನ ದೇಹವೂ ಇದನ್ನೇ ಮಾಡುತ್ತದೆ. ಪರೀಕ್ಷೆ ದಿನ ಬೆಳಿಗ್ಗೆ ಮಗು ರೊಟ್ಟಿ ಬೇಡ ಅಂದರೆ ದಯವಿಟ್ಟು ಸಿಟ್ಟಾಗಬೇಡಿ. ಅದು ಸೊಕ್ಕಲ್ಲ. ಒಂದು ಬಾಳೆಹಣ್ಣು, ಸ್ವಲ್ಪ ಹಾಲು ಕೊಟ್ಟರೂ ಸಾಕು.

ಇದರ ಹಿಂದೆಯೇ ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನ್ ಏರುತ್ತದೆ. ಇದು ನಿಧಾನ. ತುದಿ ಮುಟ್ಟಲು ಸುಮಾರು 20ರಿಂದ 30 ನಿಮಿಷ ಬೇಕು, ಇಳಿಯಲು ಇನ್ನೂ ಜಾಸ್ತಿ ಹೊತ್ತು. ಅದು ಏರಿದಾಗ ಕಲಿತದ್ದನ್ನು ನೆನಪಿಗೆ ತಂದುಕೊಳ್ಳುವುದು ಕಷ್ಟ. ಈಗ ನೀವೇ ಲೆಕ್ಕ ಹಾಕಿ. ಮನೆಯ ಹೊಸ್ತಿಲಲ್ಲಿ "ಈ ಸಲ ಕಡಿಮೆ ಬಂದರೆ ನೋಡು" ಎಂದು ಗದರಿಸಿ ಕಳಿಸಿದರೆ, ಪ್ರಶ್ನೆಪತ್ರಿಕೆ ಕೈಗೆ ಬರುವ ಹೊತ್ತಿಗೆ ಅದು ಎಲ್ಲಿರುತ್ತದೆ? ಹೊರಡುವ ಮುಂಚಿನ ಒಂದು ಗಂಟೆ ಮನೆಯಲ್ಲಿ ಅಂಕದ ಮಾತೇ ಬೇಡ. ನಾನು ನಿಮ್ಮನ್ನು ಬೇಡಿಕೊಳ್ಳುತ್ತಿರುವುದು ಮುಖ್ಯವಾಗಿ ಇದನ್ನೇ.

ಸ್ವಲ್ಪ ಆತಂಕ ಇದ್ದರೆ ಒಳ್ಳೆಯದೇ, ಮಗು ಪುಸ್ತಕ ಹಿಡಿಯುತ್ತದೆ. ಹಾವು ಪೊದೆಗೆ ಹೋದ ಮೇಲೆ ದೇಹ ಮತ್ತೆ ಶಾಂತವಾಗುತ್ತದೆ. ಆದರೆ ಅಕ್ಕಪಕ್ಕದ ಮಕ್ಕಳ ಜೊತೆ ದಿನವೂ ಹೋಲಿಸುವ ಮಾತು ರಾತ್ರಿ ಹಾಸಿಗೆಗೂ ಬರುತ್ತದೆ. ದಿನಗಟ್ಟಲೆ ಹೀಗಿದ್ದರೆ ನಿದ್ದೆ ಕೆಡುತ್ತದೆ, ಹೊಟ್ಟೆ ನೋವು, ತಲೆನೋವು ಶುರುವಾಗುತ್ತದೆ. ಈ ವಯಸ್ಸಿಗೆ 8 ಗಂಟೆಯಾದರೂ ನಿದ್ದೆ ಬೇಕು. ಓದಿದ್ದು ಮಿದುಳಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ರಾತ್ರಿ ಎರಡಕ್ಕೆ ಎಬ್ಬಿಸಿ ಓದಿಸಬೇಡಿ.

ಮಗ ಎದುರು ಮಾತಾಡಿದ, ಬಾಗಿಲು ಬಡಿದು ಹೋದ ಎಂದು ಹಲವರು ದೂರು ತರುತ್ತೀರಿ. ಸಿಟ್ಟನ್ನು ತಡೆದು ಯೋಚಿಸುವ ಕೆಲಸ ಮಿದುಳಿನ ಮುಂಭಾಗದ್ದು. ಅದು ಪೂರ್ತಿ ಬಲಿಯಲು 20 ದಾಟಿ ಇನ್ನೂ ಕೆಲವು ವರ್ಷ ಬೇಕು. ಆ ಗಳಿಗೆಯಲ್ಲಿ ವಾದ ಬೇಡ. ಅರ್ಧ ಗಂಟೆ ಬಿಟ್ಟು ಮಾತಾಡಿಸಿ. ದ್ರಾಕ್ಷಿಗೆ ರೇಟು ಸಿಗದ, ಸಾಲದ ಕಂತು ಬಂದ ದಿನ ನಿಮ್ಮ ದೇಹದಲ್ಲೂ ಇದೇ ನಡೆಯುತ್ತದೆ ಅಲ್ವಾ? ಅಂಥ ದಿನ ಮಗುವಿನ ಹತ್ತಿರ ಹೋಗುವ ಮುಂಚೆ ಅಂಗಳದಲ್ಲಿ ಒಂದು ಸುತ್ತು ಹಾಕಿ. ಉಸಿರನ್ನು ಉದ್ದಕ್ಕೆ, ನಿಧಾನವಾಗಿ ಹೊರಗೆ ಬಿಟ್ಟರೆ ಎದೆಬಡಿತ ಇಳಿಯುತ್ತದೆ. ಮಕ್ಕಳಿಗೂ ಪ್ರಾರ್ಥನೆಯ ನಂತರ ಇದನ್ನೇ ಮಾಡಿಸುತ್ತಿದ್ದೇವೆ.

ಮಗು ಊಟ, ಮಾತು ಎರಡನ್ನೂ ಬಿಟ್ಟರೆ, ಬದುಕು ಬೇಡ ಅನ್ನುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನನಗೂ ತಿಳಿಸಿ.

ಬರುವ ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಆಫೀಸಿನಲ್ಲೇ ಇರುತ್ತೇನೆ. ತಾಯಿ, ತಂದೆ, ಅಜ್ಜಿ, ಯಾರಾದರೂ ಬನ್ನಿ. ಹೊಲದ ಕೆಲಸ ಮುಗಿಸಿ ಸಂಜೆ ಬಂದರೂ ಆಗುತ್ತದೆ.

ನಿಮ್ಮ,
ಮುಖ್ಯ ಗುರುಮಾತೆ