ವಿಂಡೋಸ್ ಬದಲಿಸೋ ಮೊದಲು ಪ್ಲಾನ್ ಮಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗದದ, ಆದ್ರ ನಮ್ಮ ಕಲಬುರಗಿಯ ಎಷ್ಟೋ ಆಫೀಸಿನ್ಯಾಗ ಇನ್ನೂ ಅದೇ ನಡದದ. ವಿಂಡೋಸ್ 11ಕ್ಕ 4 ಜಿಬಿ ರ‍್ಯಾಮ್ ಇದ್ರಷ್ಟೇ ಸಾಲಲ್ಲ, ಟಿಪಿಎಂ 2.0 (ಕಂಪ್ಯೂಟರಿನೊಳಗಿನ ಸೆಕ್ಯುರಿಟಿ ಭಾಗ) ಬೇಕು, ಪ್ರೊಸೆಸರ್ ಕೂಡ ಮೈಕ್ರೋಸಾಫ್ಟ್ ಪಟ್ಟಿಯೊಳಗ ಇರ್ಬೇಕು. ಅದಕ್ಕ ಯಾವ ಮಷೀನ್ ನಡೀತದ, ಯಾವ್ದು ನಡ್ಯಂಗಿಲ್ಲ ಅಂತ ಮೊದಲು ನೋಡ್ರಿ, ಬಜೆಟ್ ಆಮ್ಯಾಲ. ನಾ ಕೆಲಸ ಮಾಡೋ ಕಡೆ ಒಮ್ಮಿಗೇ ಎಲ್ಲಾ ಬದಲಿಸಿದ್ರು, ಹಳೇ ನುಡಿ ಫಾಂಟ್ ಹಾಕಿರ್ಲಿಲ್ಲ, ಫೈಲ್ ತೆರದ್ರ ಕನ್ನಡ ಹೋಗಿ ಬರೇ ಇಂಗ್ಲಿಷ್ ಅಕ್ಷರ, ಪ್ರಿಂಟರ್‌ಗೆ ಡ್ರೈವರ್ ಇಲ್ಲ, ಹಳ್ಳಿಯಿಂದ ಬಂದ ರೈತ್ರು ಸಂಜಿತನಕ ಕುಂತ್ರು, ನೋಡಿ ಭಾಳ ಬ್ಯಾಸರಾತು. ಮೊದಲು ಒಂದೇ ಟೇಬಲ್‌ನ್ಯಾಗ ಹಾಕಿ ನೋಡ್ರಿ, ಬ್ಯಾಕಪ್ ತಗೋರಿ, ದಿನಾ ಟೈಪ್ ಮಾಡೋರ್ನ ಕೇಳ್ರಿ. ಹಳೇ ಮಷೀನ್ ಗುಜರಿಗೆ ಹಾಕಬ್ಯಾಡ್ರಿ, ಉಬುಂಟು ಅನ್ನೋ ಪುಕ್ಕಟ ಆಪರೇಟಿಂಗ್ ಸಿಸ್ಟಮ್ ಹಾಕಿ ಸಾಲಿ ಮಕ್ಕಳಿಗೆ ಕೊಡ್ರಿ.

— ಒಬ್ಬ ಓದುಗ, ಕಲಬುರಗಿ