ಮೂರು ವಚನದ ದೂರ

ಪ್ರೀತಿಯ ತಂಗಿ,

ಕರ್ತನಲ್ಲಿ ವಂದನೆಗಳು. ನಿನ್ನ ಅಪ್ಪ ತೀರಿಕೊಂಡ ಮೇಲೆ ನೀನು ಬರೆದ ಬರಹವನ್ನು ಎರಡು ಸಲ ಓದಿದೆ. ಬಾಗಿಲ ಬಳಿಯಿದ್ದ ಅವರ ಚಪ್ಪಲಿಯನ್ನು ಎತ್ತಿಡಲು ಅಮ್ಮ ಬಿಡಲಿಲ್ಲ ಎಂಬಲ್ಲಿ ನಿಂತುಬಿಟ್ಟೆ. ಕೊನೆಯ ಪ್ಯಾರಾದಲ್ಲಿ ಮಾತ್ರ ಅವಸರಪಟ್ಟಿದ್ದೀಯ. ಎರಡೇ ಸಾಲಿನಲ್ಲಿ ಕಣ್ಣೀರು ಒರೆಸಿಕೊಂಡು, ಎಲ್ಲ ದೇವರ ಚಿತ್ತ ಎಂದು ಮುಗಿಸಿದ್ದೀಯ. ಆ ಮಾತನ್ನು ನಾನೂ ನಂಬುತ್ತೇನೆ. ಆದರೆ ನೀನಿನ್ನೂ ಅಲ್ಲಿಗೆ ತಲುಪಿಲ್ಲಮ್ಮ.

ಬೈಬಲಿನ ಪ್ರಲಾಪಗಳ ಪುಸ್ತಕದ ಮೂರನೆಯ ಅಧ್ಯಾಯವನ್ನು ನಿಧಾನವಾಗಿ ಓದು. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟಿದ್ದರು. ಮಕ್ಕಳು ರೊಟ್ಟಿ ಕೇಳಿದರೆ ಮುರಿದು ಕೊಡುವವರಿರಲಿಲ್ಲ. ಆ ಸಂಕಟವನ್ನು ಕವಿ ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿ, ಅಕ್ಷರಕ್ಕೆ ಮೂರರಂತೆ 66 ವಚನಗಳಲ್ಲಿ ಕಟ್ಟಿದ್ದಾನೆ. ಅಳುವುದಕ್ಕೂ ಒಂದು ಹಂದರ ಬೇಕಿತ್ತೇನೋ. ಹರಳುಗಲ್ಲು ಕಡಿಸಿ ಹಲ್ಲು ಮುರಿದ ಎಂದು ದೇವರನ್ನೇ ದೂರುತ್ತಾನೆ. 18ನೆಯ ವಚನದಲ್ಲಿ ನಿರೀಕ್ಷೆ ಹೋಯಿತು ಅನ್ನುತ್ತಾನೆ, 21ರಲ್ಲಿ ನಿರೀಕ್ಷೆ ಉಂಟು ಅನ್ನುತ್ತಾನೆ. ನಡುವೆ ಊರೇನೂ ಬದಲಾಗಿಲ್ಲ, ಹಾಗೇ ಬೂದಿ. ಅವನು ದೇವರ ಕರುಣೆಯೊಂದನ್ನು ನೆನಪಿಗೆ ತಂದುಕೊಂಡ, ಅಷ್ಟೆ. ಮುಂದೆ ಮತ್ತೆ ಅಳುತ್ತಾನೆ. ಪುಸ್ತಕ ಮುಗಿಯುವುದೂ ನಮ್ಮನ್ನು ಪೂರ್ತಿ ಕೈಬಿಟ್ಟೆಯಾ ಎಂಬ ಅಳಲಿನಲ್ಲೇ. ಅದನ್ನು ಹಿರಿಯರು ಬೈಬಲಿನಲ್ಲಿ ಹಾಗೆಯೇ ಉಳಿಸಿಕೊಂಡರು.

ನನ್ನಾಕೆ ಹಾಸಿಗೆ ಹಿಡಿದ ವರ್ಷ ಬಂದವರೆಲ್ಲ ಬೈಬಲಿನ ವಾಕ್ಯ ಹೇಳಿ ಹೋಗುತ್ತಿದ್ದರು, ಒಳ್ಳೆಯ ಮನಸ್ಸಿನಿಂದಲೇ. ಒಂದೂ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಸಭೆಯ ಒಬ್ಬ ಅಜ್ಜಿ ಏನೂ ಹೇಳದೆ ಹಿತ್ತಲಿಗೆ ಹೋಗಿ, ತಳ ಹಿಡಿದಿದ್ದ ಗಂಜಿ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿ ಬೋರಲು ಹಾಕಿದರು. ಹೊರಡುವಾಗ, "ಬೆಳಗ್ಗೆ ಹಾಲು ನಾನೇ ತರ್ತೀನಪ್ಪ, ನೀನು ಸ್ವಲ್ಪ ಮಲಕ್ಕೋ" ಅಂದರು. ದೇವರ ಕರುಣೆ ಬೆಳಬೆಳಗ್ಗೆ ಹೊಸದಾಗುತ್ತದೆ ಎಂದು ಆ ಕವಿ ಬರೆದದ್ದು ನನಗೆ ತಿಳಿದದ್ದು ಮರುದಿನ ಬಾಗಿಲು ತಟ್ಟಿದ ಸದ್ದಿಗೆ. ನನ್ನಾಕೆ ಉಳಿಯಲಿಲ್ಲ. ಸತ್ತವರು ಮತ್ತೆ ಎದ್ದೇಳುವರೆಂಬ ಪುನರುತ್ಥಾನದ ಮಾತು ನನ್ನ ಬಾಯಿಗೆ ಮತ್ತೆ ಬರಲು ತಿಂಗಳುಗಳೇ ಹಿಡಿದವು. ಬಂದದ್ದು ಮಾತ್ರ ಆ ಹಾಲಿನ ಚೊಂಬಿನ ಹಿಂದೆಯೇ.

ಕೊನೆಯ ಪ್ಯಾರಾ ತೆಗೆ. ಆ ರಾತ್ರಿ ನಿಮ್ಮ ಮನೆಯಲ್ಲಿ ಒಲೆ ಹಚ್ಚಿದವರು ಯಾರು, ಪ್ರಾರ್ಥನೆಗೆ ಕೂತಾಗ ಅಮ್ಮ ಹಾಡಿದರೋ ಸುಮ್ಮನಿದ್ದರೋ, ಅದನ್ನು ಬರೆ. ಚಪ್ಪಲಿ ಇನ್ನೂ ಬಾಗಿಲಲ್ಲೇ ಇದ್ದರೆ ಬರಹದಲ್ಲೂ ಅಲ್ಲೇ ಇರಲಿ. ತಿದ್ದಿ ಕಳಿಸು. ಈಸ್ಟರ್ ಹಬ್ಬದೊಳಗೇ ಆಗಬೇಕೆಂದಿಲ್ಲ.

ಇಂತಿ,
ನಿನ್ನ ಅಣ್ಣ